ಮಗನ ಭೇಟಿಯ ಹಕ್ಕನ್ನು ಬಿಟ್ಟುಕೊಡಲೇ?

ಪ್ರಶ್ನೆ: ನನಗೆ 36 ವರ್ಷ. ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಗಂಡನ ಮನೆಯಲ್ಲಿ ದೊಡ್ಡ ಜಗಳವಾಯಿತು. ಗಂಡ ಕೈ ಮಾಡಿದರು, ಉಟ್ಟ ಸೀರೆಯಲ್ಲೇ ತವರಿಗೆ ಬಂದೆ. ಏಳು ವರ್ಷದ ಮಗ ಆಗ ಶಾಲೆಯಲ್ಲಿದ್ದ. ಮಾರನೆಯ ದಿನ ಅವನನ್ನು ಕರೆತರಲು ಅಣ್ಣ ಹೋದರೆ ಬಾಗಿಲಲ್ಲೇ ತಡೆದರು. ಆರು ತಿಂಗಳು ಮಗ ಫೋನಿನಲ್ಲಿ ಮಾತನಾಡುತ್ತಿದ್ದ, ಆಮೇಲೆ ಅದೂ ನಿಂತಿತು. ಈಗ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಕೇಸು ನಡೆಯುತ್ತಿದೆ. ಮೊದಲ ಮತ್ತು ಮೂರನೇ ಶನಿವಾರ ಕೋರ್ಟಿನ ಮಕ್ಕಳ ಕೋಣೆಯಲ್ಲಿ ಒಂದು ಗಂಟೆ ಭೇಟಿಗೆ ಮಧ್ಯಂತರ ಆದೇಶವಾಗಿದೆ. ಅರ್ಧಕ್ಕರ್ಧ ಸಲ ಜ್ವರ, ಟ್ಯೂಷನ್ ಎಂದು ಹೇಳಿ ಕರೆತರುವುದೇ ಇಲ್ಲ. ಕರೆತಂದ ದಿನವೂ ಮಗ ಬೆನ್ನಿನ ಬ್ಯಾಗು ಇಳಿಸದೆ ಕೂರುತ್ತಾನೆ, ಬಾಗಿಲ ಬಳಿ ನಿಂತ ಅಜ್ಜನನ್ನೇ ನೋಡುತ್ತಿರುತ್ತಾನೆ. ಮೊದಲು ‘ಅವ್ವಾ, ನೀ’ ಎನ್ನುತ್ತಿದ್ದವನು ಕಳೆದ ಸಲ, ‘ನೀವು ದುಡ್ಡಿಗಾಗಿ ನನ್ನ ಬಿಟ್ಟು ಹೋದಿರಿ, ಈಗ ಅಪ್ಪನನ್ನ ಕೋರ್ಟಿಗೆ ಎಳೀತಿದ್ದೀರಿ’ ಎಂದ. ನನ್ನ ವಕೀಲರು ‘ಪೇರೆಂಟಲ್ ಏಲಿಯನೇಷನ್’ ಎಂದು ಅರ್ಜಿ ಹಾಕೋಣ ಎನ್ನುತ್ತಾರೆ. ಅಣ್ಣ ಶಾಲೆಯಿಂದಲೇ ಕರೆತರೋಣ ಎನ್ನುತ್ತಾನೆ. ಗಂಡನ ಕಡೆಯವರು, ಮಗನ ಭೇಟಿಯ ಹಕ್ಕು ಬಿಟ್ಟುಕೊಟ್ಟು ಮ್ಯೂಚುವಲ್ ಡಿವೋರ್ಸ್‌ಗೆ ಸಹಿ ಹಾಕಿದರೆ ಒಡವೆ ಹಿಂದಿರುಗಿಸುತ್ತೇವೆ ಎಂದಿದ್ದಾರೆ. ಮುಂದಿನ ತಾರೀಖಿಗೆ ಮೂರು ವಾರ ಇದೆ. ಮಗನಿಗೇ ನಾನು ಬೇಡವಾದ ಮೇಲೆ ಸಹಿ ಹಾಕಿಬಿಡಲೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಸಹಿ ಹಾಕಬೇಡಿ. ಒಡವೆ ನಿಮ್ಮದು. ಅದನ್ನು ಕೇಳುವುದಕ್ಕೆ ಬೇರೆ ದಾರಿಯಿದೆ, ಮಗನನ್ನು ಅದರ ಜೊತೆ ತಕ್ಕಡಿಗೆ ಹಾಕಬೇಕಾಗಿಲ್ಲ. ಕಾನೂನಿನ ಪ್ರಕಾರ ಮಗುವಿನ ಕಸ್ಟಡಿ, ಭೇಟಿಗಳ ಆದೇಶ ಯಾವತ್ತೂ ಕೊನೆಯದಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಪರಿಸ್ಥಿತಿ ಬದಲಾದಂತೆ ಅದನ್ನು ಬದಲಾಯಿಸಬಹುದು. ಹಾಗಾಗಿ ಸಹಿ ಹಾಕಿದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಎಂದು ಯಾರಾದರೂ ನಿಮಗೆ ಸಮಾಧಾನ ಹೇಳಬಹುದು. ಆದರೆ ಮುಂದೆ ನೀವು ಯಾವ ನ್ಯಾಯಾಧೀಶರ ಮುಂದೆ ನಿಂತರೂ ಅವರು ಮೊದಲು ಓದುವುದು ಆ ಸಹಿಯನ್ನೇ. ಮಗ ದೊಡ್ಡವನಾದ ಮೇಲೆ ಅವನೂ ಅದನ್ನು ಓದುತ್ತಾನೆ. ಅಮ್ಮ ನನ್ನನ್ನು ಬಿಟ್ಟಳು ಎಂದು ಇಂದು ಅವನಿಗೆ ಹೇಳಿಕೊಟ್ಟಿರುವ ಮಾತಿಗೆ ನೀವೇ ದಾಖಲೆ ಒದಗಿಸಿದಂತಾಗುತ್ತದೆ.

ಅಣ್ಣನನ್ನೂ ತಡೆಯಿರಿ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಶಾಲೆಯ ಗೇಟಿನಲ್ಲಿ ಅಳುತ್ತಿರುವ ಹುಡುಗನನ್ನು ಕಾರಿಗೆ ಹತ್ತಿಸಿದರೆ ಅರ್ಧ ಗಂಟೆಯಲ್ಲಿ ಪೊಲೀಸ್ ದೂರು ಆಗುತ್ತದೆ, ವಾರದೊಳಗೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಬೀಳಬಹುದು. ಅಲ್ಲಿಯವರೆಗೆ ಆದೇಶ ಪಾಲಿಸದವರು ಅವರಾಗಿದ್ದರು, ಆಮೇಲೆ ನೀವಾಗುತ್ತೀರಿ. ಮಗನ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ವಕೀಲರು ಹೇಳಿದ ಅರ್ಜಿ. ಹಾಕಬಹುದು, ಆದರೆ ಹೇಗೆ ಹಾಕುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಬ್ಬ ಪೋಷಕರು ಮಗುವನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವುದಕ್ಕೆ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ‘ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು. ಅಲ್ಲಿಂದ ಅದು ಜಗತ್ತಿನ ಕೋರ್ಟುಗಳಿಗೆಲ್ಲ ಹಬ್ಬಿತು. ಆದರೆ ವೈದ್ಯಕೀಯ ಲೋಕ ಅದನ್ನು ಕಾಯಿಲೆಯೆಂದು ಒಪ್ಪಿಕೊಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ ಸೂಚಿಯಲ್ಲಿ ಸೇರಿಸಿದ್ದ ಈ ಹೆಸರನ್ನು 2020ರಲ್ಲಿ ಕೈಬಿಟ್ಟಿತು. ಹಲ್ಲೆಯಿಂದ ತಪ್ಪಿಸಿಕೊಂಡು ಬಂದ ತಾಯಂದಿರ ಮೇಲೇ ಈ ಆರೋಪ ತಿರುಗುತ್ತಿದೆ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್ಸಲೇಮ್ 2023ರಲ್ಲಿ ಎಚ್ಚರಿಸಿದರು. ಹಾಗೆಂದು ನಿಮ್ಮ ಮಗನಿಗೆ ಆಗಿರುವುದು ಸುಳ್ಳಲ್ಲ. ಒಂಬತ್ತು ವರ್ಷದ ಹುಡುಗನಿಗೆ ‘ಕೋರ್ಟಿಗೆ ಎಳೆಯುವುದು’ ಎಂಬ ಮಾತು ತಾನಾಗಿ ಹುಟ್ಟುವುದಿಲ್ಲ. ಅದು ಆ ಮನೆಯಲ್ಲಿ ದಿನವೂ ಅವನ ಕಿವಿಗೆ ಬೀಳುತ್ತಿರುವ ಮಾತು. ಹೀಗೆ ಆಗುತ್ತದೆ, ಎಷ್ಟೋ ಮನೆಗಳಲ್ಲಿ ಆಗುತ್ತಿದೆ, ತಂದೆಯರಿಗೂ ಆಗುತ್ತಿದೆ. ಕೋರ್ಟಿಗೆ ಬೇಕಾಗಿರುವುದು ಅದಕ್ಕೊಂದು ದೊಡ್ಡ ಹೆಸರಲ್ಲ, ಏನೇನು ನಡೆಯಿತು ಎಂಬ ವಿವರ.

ಇದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಜೊತೆಯಲ್ಲಿಟ್ಟು ಓದಬೇಕು. ನಿಮ್ಮ ವಕೀಲರಿಗೂ ಹೇಳಿ. ಮೊದಲನೆಯದು 2017ರ ಫೆಬ್ರವರಿಯದು, ಬರೆದವರು ನ್ಯಾಯಮೂರ್ತಿ ಎ.ಕೆ. ಸಿಕ್ರಿ. ಸೇನೆಯಲ್ಲಿದ್ದ ತಂದೆಯ ಬಳಿ ಎಳವೆಯಿಂದ ಬೆಳೆದ ಹುಡುಗಿ, ಎಂಟರ ಆಸುಪಾಸಿನವಳು, ತನಗೆ ಅಪ್ಪನೇ ಸಾಕು ಎಂದಿದ್ದಳು. ಅಮ್ಮನ ಜೊತೆ ಇದ್ದು ನೋಡುವ ಅವಕಾಶವೇ ಸಿಗದ ಮಗು ಹೀಗೆ ಹೇಳಿದರೆ ಅದನ್ನೇ ಕೊನೆಯ ಮಾತು ಎನ್ನಲಾಗದು ಎಂದು ಕೋರ್ಟು ಕಂಡಿತು. ಏಲಿಯನೇಷನ್ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿ, ಒಂದು ವರ್ಷದ ಮಟ್ಟಿಗೆ ಮಗುವನ್ನು ತಾಯಿಗೆ ಒಪ್ಪಿಸಿತು. ನಿಮ್ಮ ವಕೀಲರ ಮನಸ್ಸಿನಲ್ಲಿರುವುದು ಇದೇ ಇರಬೇಕು.

ಎರಡನೆಯದು 2024ರ ಮೇ ತಿಂಗಳದು. ಅಲ್ಲಿಯೂ ತಂದೆ ಸೇನಾಧಿಕಾರಿ, ಮಕ್ಕಳು ತಂದೆಯ ಕಡೆ. ತಂದೆ ಮಕ್ಕಳ ತಲೆ ಕೆಡಿಸಿದ್ದಾರೆ ಎಂಬುದು ತಾಯಿಯ ವಾದ. ಈ ಸಲ ಕೋರ್ಟು ಒಪ್ಪಲಿಲ್ಲ. ಯಾವ ದಿನ ಏನು ನಡೆಯಿತು, ಯಾವ ನಡವಳಿಕೆ ಮಗುವನ್ನು ದೂರ ಮಾಡಿತು ಎಂದು ಒಂದೊಂದು ಘಟನೆಯನ್ನೂ ಗುರುತಿಸದೆ ಯಾವ ಪೋಷಕರಿಗೂ ಈ ಹಣೆಪಟ್ಟಿ ಹಚ್ಚಬಾರದು ಎಂದು ಸ್ಪಷ್ಟವಾಗಿ ಹೇಳಿ, ಮಕ್ಕಳನ್ನು ತಂದೆಯ ಬಳಿಯೇ ಉಳಿಸಿತು. ಎರಡೂ ಸರಿಯಾದ ತೀರ್ಪುಗಳು ಎಂದೇ ನನ್ನ ಅಭಿಪ್ರಾಯ. 2017ರದನ್ನು ಮಾತ್ರ ನೆಚ್ಚಿಕೊಂಡು ಹೋದವರು ಈಗ ಬರಿಗೈಯಲ್ಲಿ ವಾಪಸಾಗುತ್ತಾರೆ.

ಆದ್ದರಿಂದ ಇಂದೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಭೇಟಿಯ ತಾರೀಖು, ನೀವು ಕೋರ್ಟು ತಲುಪಿದ ಹೊತ್ತು, ಮಗನನ್ನು ಕರೆತಂದವರು ಯಾರು, ಕರೆತರದಿದ್ದರೆ ಕೊಟ್ಟ ಕಾರಣ, ಕೋಣೆಯಲ್ಲಿ ಮಗ ಆಡಿದ ಮಾತು ಅವನದೇ ಶಬ್ದಗಳಲ್ಲಿ. ಬಸ್ ಟಿಕೆಟ್ಟು, ರಜೆ ಚೀಟಿ, ಎತ್ತದ ಫೋನ್ ಕರೆಗಳ ಪಟ್ಟಿ, ಬ್ಲಾಕ್ ಆದ ವಾಟ್ಸ್‌ಆ್ಯಪ್‌ನ ಸ್ಕ್ರೀನ್‌ಶಾಟ್, ಶಾಲೆಯ ಅರ್ಜಿಯಲ್ಲಿ ತಾಯಿಯ ಫೋನ್ ನಂಬರ್ ತೆಗೆಸಿದ್ದರೆ ಅದರ ನಕಲು, ಎಲ್ಲವನ್ನೂ ಜೋಡಿಸಿಡಿ. ಮೊದಲ ಆರು ತಿಂಗಳು ಮಗ ಮಾತನಾಡುತ್ತಿದ್ದ ಎಂದಿರಲ್ಲ, ನಿಮ್ಮ ಕೇಸಿನ ಜೀವ ಅದರಲ್ಲಿದೆ. ಆ ಕರೆಗಳ ದಾಖಲೆ ಹುಡುಕಿ. ನೀವು ಮನೆ ಬಿಟ್ಟ ಮೇಲೂ ಅವನು ನಿಮ್ಮ ಜೊತೆ ನಗುತ್ತ ಮಾತನಾಡಿದ್ದರೆ, ಅವನ ಮುನಿಸು ನೀವು ಮನೆ ಬಿಟ್ಟದ್ದರಿಂದ ಬಂದದ್ದಲ್ಲ, ಆಮೇಲೆ ಬಂದದ್ದು ಎಂದು ತೋರಿಸಬಹುದು.

ಒಂದನ್ನು ಮಾತ್ರ ಮಾಡಬೇಡಿ. ಮಗನನ್ನು ರೆಕಾರ್ಡ್ ಮಾಡಬೇಡಿ. ಗಂಡ ಹೆಂಡತಿಯ ನಡುವಿನ ಮಾತು ಗುಟ್ಟಾಗಿ ರೆಕಾರ್ಡ್ ಆಗಿದ್ದರೂ ವೈವಾಹಿಕ ಕೇಸಿನಲ್ಲಿ ಸಾಕ್ಷ್ಯವಾಗಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದ ಮೇಲೆ ಎಲ್ಲರ ಕೈಯೂ ಫೋನಿನ ಕಡೆಗೇ ಹೋಗುತ್ತಿದೆ. ಆದರೆ ‘ಅಜ್ಜಿ ಏನು ಹೇಳಿಕೊಟ್ಟಳು, ಹೇಳು’ ಎಂದು ಮಗುವಿನ ಬಾಯಿ ಬಿಡಿಸುವ ಆಡಿಯೊ ಕೇಳಿದ ನ್ಯಾಯಾಧೀಶರಿಗೆ ಕಾಣುವುದು, ಮಗುವನ್ನು ಸಾಕ್ಷಿಯಾಗಿ ಬಳಸುತ್ತಿರುವ ಇನ್ನೊಬ್ಬ ಪೋಷಕಿ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಸೆಕ್ಷನ್ ಸಾಕ್ಷ್ಯದ ಕಟ್ಟುನಿಟ್ಟಿನ ನಿಯಮಗಳನ್ನು ಬದಿಗಿಟ್ಟು ಉಪಯುಕ್ತವೆನಿಸಿದ ವರದಿ, ದಾಖಲೆಗಳನ್ನು ನೋಡಲು ಕೋರ್ಟಿಗೆ ಅನುಮತಿ ಕೊಟ್ಟಿದೆ. ನಿಮ್ಮ ನೋಟ್‌ಬುಕ್ಕೂ ಸಾಕಷ್ಟು ಬೆಲೆ ಬಾಳುತ್ತದೆ.

ನಿಮ್ಮ ಪತ್ರದಲ್ಲಿ ‘ಕೈ ಮಾಡಿದರು’ ಎಂಬ ಎರಡು ಶಬ್ದ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿ ನಾನು ನಿಲ್ಲಬೇಕಾಗಿದೆ. ಅದು ಒಂದು ದಿನದ್ದೋ, ಹಲವು ದಿನಗಳದ್ದೋ? ಡಾಕ್ಟರಿಗೆ ತೋರಿಸಿದ್ದಿರಾ, ಯಾರಿಗಾದರೂ ಆ ರಾತ್ರಿ ಮೆಸೇಜ್ ಕಳಿಸಿದ್ದಿರಾ? ಮನೆ ಬಿಟ್ಟದ್ದಕ್ಕೆ ಅದೇ ಕಾರಣವಾಗಿದ್ದರೆ ಕೋರ್ಟಿಗೆ ಅದು ಮೊದಲೇ ಗೊತ್ತಾಗಬೇಕಿತ್ತು. ಈಗಲೂ ಹೇಳಬಹುದು. ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2005ರ 21ನೇ ಸೆಕ್ಷನ್ ತಾತ್ಕಾಲಿಕ ಕಸ್ಟಡಿ ಕೊಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಎರಡು ವರ್ಷ ಕಳೆದ ಮೇಲೆ ಆ ದಾರಿ ಹಿಡಿಯಬೇಕೇ ಬೇಡವೇ ಎಂಬುದನ್ನು ವಕೀಲರ ಜೊತೆ ಕೂತು ತೀರ್ಮಾನಿಸಿ. ಆದರೆ ವಿಚ್ಛೇದನದ ಕೇಸಿನ ನಿಮ್ಮ ಹೇಳಿಕೆಯಲ್ಲಿ ಆ ದಿನ ನಡೆದದ್ದು ಇರಲೇಬೇಕು, ಇಲ್ಲವಾದರೆ ಕಾರಣವಿಲ್ಲದೆ ಮನೆ ಬಿಟ್ಟವರು ಎಂದೇ ಕಡತದಲ್ಲಿ ಉಳಿಯುತ್ತೀರಿ.

ಇನ್ನೂ ಒಂದು ಕಷ್ಟದ ಪ್ರಶ್ನೆ ಕೇಳುತ್ತೇನೆ, ನೋಯಿಸಲಿಕ್ಕಲ್ಲ. ಮಗ ನಿಮ್ಮಿಂದ ದೂರವಾಗಲು ಅವನದೇ ಆದ ಕಾರಣವೂ ಇದೆಯೇ? ಆ ಮನೆಯ ಜಗಳಗಳ ನಡುವೆ ಅವನಿಗೆ ನೀವು ಹೊಡೆದದ್ದು, ಹೆದರಿಸಿದ್ದು ಇದೆಯೇ? ಎದುರು ಪಕ್ಷದ ವಕೀಲರು ಇದನ್ನು ಕೇಳಿಯೇ ಕೇಳುತ್ತಾರೆ. ಏನೂ ಇಲ್ಲದಿದ್ದರೂ ಶಾಲೆಯಿಂದ ಮನೆಗೆ ಬಂದಾಗ ಅಮ್ಮ ಇರಲಿಲ್ಲ ಎಂಬುದಂತೂ ಅವನ ಪಾಲಿಗೆ ನಿಜ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ.

ಅದಕ್ಕೇ ಆ ಒಂದು ಗಂಟೆಯಲ್ಲಿ ನೀವು ಹೇಗಿರುತ್ತೀರಿ ಎಂಬುದು ಅರ್ಜಿಗಿಂತ ಕಡಿಮೆಯದಲ್ಲ. ಅವನು ‘ಬಿಟ್ಟು ಹೋದಿರಿ’ ಎಂದಾಗ ‘ನಿನ್ನ ಅಪ್ಪ ಸುಳ್ಳು ಹೇಳಿದ್ದಾನೆ’ ಎನ್ನಬೇಡಿ. ಆ ಮಾತು ನಿಜವೇ ಆದರೂ ಅವನು ರಾತ್ರಿ ಮಲಗುವುದು ಆ ಅಪ್ಪನ ಮನೆಯಲ್ಲಿ. ಹೀಗೆ ಹೇಳಿ: ‘ದೊಡ್ಡವರಿಗೆ ಜಗಳ ಆಯ್ತು, ನಾನು ಮನೆ ಬಿಟ್ಟೆ. ನಿನ್ನ ಬಿಡಲಿಲ್ಲ ಮಗಾ. ಮರುದಿನ ಮಾಮಾ ನಿನ್ನ ಕರಿಯಾಕ ಬಂದಿದ್ದ.’ ಇಷ್ಟು ಸಾಕು. ಒಮ್ಮೆ ಹೇಳಿ, ಪುನಃ ಪುನಃ ಹೇಳಬೇಡಿ. ‘ನನ್ನ ನೆನಪಾಗುತ್ತಾ’, ‘ನನ್ನ ಜೊತೆ ಬರ್ತೀಯಾ’ ಎಂದು ಕೇಳಬೇಡಿ. ಬಾಗಿಲಲ್ಲಿ ಅಜ್ಜ ನಿಂತಿರುವಾಗ ಆ ಪ್ರಶ್ನೆಗೆ ಅವನು ಕೊಡಬಹುದಾದ ಉತ್ತರ ಒಂದೇ. ದುಬಾರಿ ಸಾಮಾನು ಒಯ್ಯಬೇಡಿ, ಅದು ‘ದುಡ್ಡು’ ಎಂಬ ಮಾತನ್ನೇ ಗಟ್ಟಿ ಮಾಡುತ್ತದೆ. ಚಿತ್ರದ ಹಾಳೆ, ಬಣ್ಣದ ಪೆನ್ಸಿಲು, ಒಂದು ಚೆಸ್ ಬೋರ್ಡು ಒಯ್ಯಿರಿ. ಅವನು ಮುಟ್ಟದಿದ್ದರೆ ನೀವೇ ಕೂತು ಚಿತ್ರ ಬರೆಯಿರಿ. ಕೆಲವು ಮಕ್ಕಳು ಎಷ್ಟೋ ಭೇಟಿಗಳವರೆಗೆ ಕತ್ತೆತ್ತುವುದಿಲ್ಲ. ಆಮೇಲೊಂದು ದಿನ ‘ಕುದುರೆಗೆ ಕಾಲು ಹೀಂಗ ಇರೂದಿಲ್ಲ’ ಎಂದು ಪೆನ್ಸಿಲು ಕಸಿದುಕೊಳ್ಳುತ್ತಾರೆ. ಆ ದಿನವೂ ಆನಂದದಲ್ಲಿ ಅವನನ್ನು ಬಿಗಿದಪ್ಪಬೇಡಿ, ಚಿತ್ರ ಮುಂದುವರಿಸಿ.

ಈಗ ಕೋರ್ಟಿನಲ್ಲಿ ಏನನ್ನು ಕೇಳಬೇಕು ಎಂಬ ಮಾತು. ಹೆಚ್ಚಿನ ತಾಯಿ ತಂದೆಯರು ಇಲ್ಲಿ ದಾರಿ ತಪ್ಪುತ್ತಾರೆ. ಎದುರಿನವರಿಗೆ ಶಿಕ್ಷೆ ಕೊಡಿ ಎಂದು ಕೇಳುತ್ತಾರೆ. ನೀವು ಮಗನ ಜೊತೆ ಹೊತ್ತು ಕೇಳಿ. ಈಗಿನ ಆದೇಶ ಮೊದಲ ಮತ್ತು ಮೂರನೇ ಶನಿವಾರಗಳದು, ಅವು ನಿಮಗೆ ಬ್ಯಾಂಕಿನ ಕೆಲಸದ ದಿನಗಳು. ಎರಡನೇ ಮತ್ತು ನಾಲ್ಕನೇ ಶನಿವಾರ ನಿಮಗೆ ರಜೆ. ಭೇಟಿಯನ್ನು ಆ ದಿನಗಳಿಗೆ ಬದಲಾಯಿಸಿ, ಕೋರ್ಟಿನ ಕೋಣೆಯಿಂದ ಹೊರಗೆ, ಇಬ್ಬರಿಗೂ ಒಪ್ಪಿಗೆಯಾಗುವ ಉದ್ಯಾನದಲ್ಲೋ ಗ್ರಂಥಾಲಯದಲ್ಲೋ ಮೂರು ಗಂಟೆ ಕೊಡಿ ಎಂದು ಕೇಳಿ. ಮೊದಲ ಎರಡು ತಿಂಗಳು ಆಪ್ತಸಮಾಲೋಚಕರ ಎದುರಿನಲ್ಲಿ, ನಂತರ ನೀವಿಬ್ಬರೇ, ಆಮೇಲೆ ಹಗಲಿಡೀ, ಆಮೇಲೆ ದಸರಾ ರಜೆಯಲ್ಲಿ ಕೆಲವು ದಿನ ಶಿವಮೊಗ್ಗದಲ್ಲಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಬರೆಯಿರಿ. ನಾಳೆಯೇ ಪೂರ್ತಿ ಕಸ್ಟಡಿ ಬೇಕು ಎಂದು ಕೇಳಿದರೆ, ಮಗು ಹೆದರಿದೆ ಎಂಬ ಒಂದೇ ಮಾತಿನಲ್ಲಿ ಅರ್ಜಿ ವಜಾ ಆಗಬಹುದು. ಹಂತಹಂತವಾಗಿ ಕೇಳಿದ್ದನ್ನು ಬೇಡ ಎನ್ನಲು ಎದುರಿನವರು ಗಟ್ಟಿ ಕಾರಣವನ್ನೇ ಕೊಡಬೇಕಾಗುತ್ತದೆ.

ಭೇಟಿಗೆ ಮಗನ ಜೊತೆ ಬರುವವರು ಭೇಟಿಯ ಜಾಗದಿಂದ ಹೊರಗೆ, ಕಣ್ಣಿಗೆ ಕಾಣದಷ್ಟು ದೂರ ಇರಬೇಕೆಂದು ಆದೇಶದಲ್ಲೇ ಬರೆಸಿ. ಕರೆತರದ ಭೇಟಿಗೆ ಬದಲಿ ದಿನ ಕೊಡಬೇಕೆಂದು ಬರೆಸಿ. ದಿನವೂ ಇಂಥ ಹೊತ್ತಿಗೆ ವಿಡಿಯೊ ಕರೆ ಎಂದು ಬರೆಸಿ. ಕಸ್ಟಡಿ ಇಲ್ಲದ ಪೋಷಕರಿಗೆ, ವಿಶೇಷ ಕಾರಣವಿಲ್ಲದಿದ್ದರೆ, ದಿನಕ್ಕೆ 5-10 ನಿಮಿಷ ಮಗುವಿನ ಜೊತೆ ಮಾತನಾಡುವ ಹಕ್ಕಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ, ಅರ್ಜಿಯಲ್ಲಿ ಆ ತೀರ್ಪನ್ನು ಉಲ್ಲೇಖಿಸಿ. ಮಾರ್ಕ್ಸ್ ಕಾರ್ಡು, ಪೋಷಕರ ಸಭೆಯ ಸೂಚನೆ ನಿಮಗೂ ಬರುವಂತೆ ಶಾಲೆಗೆ ನಿರ್ದೇಶನ ಕೇಳಿ. ಇಷ್ಟೊಂದು ವಿವರ ಕೋರ್ಟು ಬರೆಯುತ್ತದೆಯೇ ಎಂದು ಅಳುಕಬೇಡಿ. ನಮ್ಮ ಕರ್ನಾಟಕ ಹೈಕೋರ್ಟೇ 2013ರಲ್ಲಿ ಒಂದು ಕೇಸಿನಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಎಂದು ಹೇಳಿ, ಶನಿವಾರ ಭಾನುವಾರಗಳ ಭೇಟಿ, ಫೋನ್ ಕರೆ, ಖರ್ಚಿನ ಪಾಲು ಎಲ್ಲವನ್ನೂ ಬರೆದುಕೊಟ್ಟಿದೆ. ಎರಡು ಊರಿನಲ್ಲಿರುವ ನಿಮಗೆ ಆ ಹಂಚಿಕೆ ಹೊಂದುವುದಿಲ್ಲ, ಆದರೆ ಆ ವಿವರ ಹೊಂದುತ್ತದೆ.

ನ್ಯಾಯಾಧೀಶರು ಮಗನನ್ನು ಚೇಂಬರಿಗೆ ಕರೆದು ಮಾತನಾಡಿಸಬಹುದು. ‘ಅಮ್ಮ ಬೇಡ’ ಎಂದುಬಿಟ್ಟರೆ ಕತೆ ಮುಗಿಯಿತು ಎಂಬ ಭಯ ನಿಮಗಿದೆ. ಮುಗಿಯುವುದಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ತಿಳಿದು ಆರಿಸುವಷ್ಟು ಬುದ್ಧಿ ಬಂದ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು, ಅದಕ್ಕೆ ಕಟ್ಟುಬೀಳಬೇಕಿಲ್ಲ. ಆ ಇಷ್ಟ ಹೇಗೆ ರೂಪುಗೊಂಡಿತು ಎಂದು ತಿಳಿಯಲು ತಜ್ಞರ ನೆರವು ಪಡೆಯುವ ಅಧಿಕಾರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿದೆ. ಹುಬ್ಬಳ್ಳಿಗೆ ಪಕ್ಕದಲ್ಲೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಮಗನನ್ನೂ ನಿಮ್ಮಿಬ್ಬರನ್ನೂ ಅಲ್ಲಿನ ತಜ್ಞರು ನೋಡಿ ವರದಿ ಕೊಡಲಿ ಎಂದು ಕೋರ್ಟಿನ ಮೂಲಕ ಕೇಳಿ. ನೀವಾಗಿಯೇ ಯಾರಿಂದಲೋ ಸರ್ಟಿಫಿಕೇಟ್ ತಂದರೆ ಅದಕ್ಕೆ ತೂಕವಿರುವುದಿಲ್ಲ, ಮಗನನ್ನು ನೋಡದೆ ಬರೆದದ್ದಾದರೆ ಅದು ನಿಮಗೇ ಮುಳುವಾಗುತ್ತದೆ.

ಆದೇಶ ಮುರಿದರೆ ಸುಮ್ಮನಿರಬೇಡಿ. ತಪ್ಪಿಸಿದ ಪ್ರತಿ ಭೇಟಿಯ ಮರುವಾರವೇ ಕೋರ್ಟಿಗೆ ಒಂದು ಮೆಮೊ ಕೊಡಿ. ಹತ್ತು ಭೇಟಿ ತಪ್ಪಿದ ಮೇಲೆ ಒಟ್ಟಿಗೆ ದೂರಿದರೆ ‘ಇಷ್ಟು ದಿನ ಎಲ್ಲಿದ್ದಿರಿ’ ಎಂಬ ಪ್ರಶ್ನೆ ಬರುತ್ತದೆ. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿದರೆ, ಮಗುವನ್ನು ಹಾಜರುಪಡಿಸುವಂತೆ ಅದರ 12ನೇ ಸೆಕ್ಷನ್ ಅಡಿ ಕೋರ್ಟು ಹೇಳಬಹುದು. ಆ ಆದೇಶ ಮೀರಿದವರಿಗೆ 45ನೇ ಸೆಕ್ಷನ್ ಮೊದಲಿಗೆ ವಿಧಿಸುವ ದಂಡ ಇಂದಿಗೂ ಹೆಚ್ಚೆಂದರೆ ನೂರು ರೂಪಾಯಿ, ಆದರೆ ಮಗುವನ್ನು ಹಾಜರುಪಡಿಸುತ್ತೇನೆ ಎಂದು ಒಪ್ಪುವವರೆಗೆ ಸಿವಿಲ್ ಜೈಲಿಗೆ ಕಳಿಸುವ ಅಧಿಕಾರವೂ ಅದರಲ್ಲೇ ಇದೆ. ಹೈಕೋರ್ಟಿನಲ್ಲಿ ನ್ಯಾಯಾಂಗ ನಿಂದನೆಯ ದಾರಿಯೂ ಇದೆ, ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಈ ಎರಡನ್ನೂ ಕೊನೆಗಿಟ್ಟುಕೊಳ್ಳಿ ಎಂದೇ ನಾನು ಹೇಳುವುದು. ನಿಮ್ಮ ಅರ್ಜಿಯಿಂದ ಅಪ್ಪ ಜೈಲಿಗೆ ಹೋದರೆ, ‘ಅಪ್ಪನನ್ನ ಎಳೀತಿದ್ದೀರಿ’ ಎಂಬ ಮಗನ ಮಾತನ್ನು ಅಳಿಸಲು ಇನ್ನೆಷ್ಟು ವರ್ಷ ಬೇಕಾದೀತು? ಬದಲಿ ದಿನ, ಪ್ರಯಾಣದ ಖರ್ಚು, ಭೇಟಿಯ ಅವಧಿ ಹೆಚ್ಚಳ, ಇವನ್ನು ಮೊದಲು ಕೇಳಿ. ಮಧ್ಯಂತರ ಆದೇಶದ ಮೇಲೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಡಿ ಅಪೀಲು ಇಲ್ಲ. ಅರ್ಜಿ ತಳ್ಳಿಹಾಕಿದರೆ ಸಂವಿಧಾನದ 227ನೇ ವಿಧಿಯಡಿ ಧಾರವಾಡ ಪೀಠಕ್ಕೆ ಹೋಗಬಹುದು.

ಮಗ ಐದು ವರ್ಷ ದಾಟಿದ್ದಾನೆ, ತಾಯಿಗೇ ಮೊದಲ ಹಕ್ಕು ಎಂಬ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಗಂಡ್ಮಗ, ತಂದೆಗೇ ಸೇರಬೇಕು ಎಂಬ ಮಾತಿಗೂ ಆಧಾರವಿಲ್ಲ. ಮಗುವಿನ ಹಿತವೊಂದೇ ಅಳತೆ.

ವಕೀಲರ ಫೀಸಿಗೆ ಕಷ್ಟವಾಗುತ್ತಿದೆಯೇ ಎಂದು ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಸಂಬಳದ ಕೆಲಸದಲ್ಲಿದ್ದೇನೆಂದು ಹಿಂಜರಿಯಬೇಡಿ. 15100 ಸಹಾಯವಾಣಿಗೆ ಕರೆ ಮಾಡಿ, ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ. ಮುಂದಿನ ತಾರೀಖಿಗೆ ಮೂರು ವಾರ ಇದೆ ಎಂದಿದ್ದೀರಿ. ಮೊದಲ ವಾರದಲ್ಲಿ ಕರೆಗಳ ದಾಖಲೆ ಮತ್ತು ನೋಟ್‌ಬುಕ್ ಸಿದ್ಧವಾಗಲಿ, ಎರಡನೆಯ ವಾರ ವಕೀಲರ ಜೊತೆ ಕೂತು ಭೇಟಿಯ ಹಂತಗಳನ್ನು ತಾರೀಖು ಸಮೇತ ಬರೆಯಿರಿ. ಅಂದು ಕೋರ್ಟಿನಲ್ಲಿ, ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರೆ ಹೋಗಲು ಸಿದ್ಧ ಎಂದು ನೀವೇ ಮೊದಲು ಹೇಳಿ. ಒಡವೆಯ ಮಾತು ಅಲ್ಲಿ ಆಗಲಿ, ಮಗನ ಭೇಟಿಯ ವೇಳಾಪಟ್ಟಿಗೆ ಬೇರೆಯೇ ಹಾಳೆ ಇರಲಿ.